ಮಿದುಳಿನ ಮಡಿಕೆಗಳನ್ನು ರೂಪಿಸುವ ಬಲ: ಸಿಲಿಕೋನ್ ಮಾದರಿಯಲ್ಲಿ ಮಾಡಿ ನೋಡುವ ಸಮಗ್ರ ಮಾರ್ಗದರ್ಶಿ

ಗರ್ಭದಲ್ಲಿರುವ ಮಗುವಿನ ಮಿದುಳು ಸುಮಾರು 20ನೇ ವಾರದವರೆಗೆ ಬಹುಮಟ್ಟಿಗೆ ನುಣುಪಾಗಿಯೇ ಇರುತ್ತದೆ. ದೊಡ್ಡದೊಂದೆರಡು ತಗ್ಗುಗಳು ಮಾತ್ರ ಆ ಹೊತ್ತಿಗೆ ಕಾಣಿಸಿಕೊಂಡಿರುತ್ತವೆ. ಆಮೇಲಿನ ನಾಲ್ಕು ತಿಂಗಳಲ್ಲಿ ಹೊರಪದರವಾದ ಕಾರ್ಟೆಕ್ಸ್ ಎಷ್ಟು ಹರಡಿಕೊಳ್ಳುತ್ತದೆಂದರೆ, ಬೆಳೆದವರಲ್ಲಿ ಅದರ ಸುಮಾರು ಮೂರನೇ ಎರಡು ಭಾಗ ಮಡಿಕೆಗಳ ಒಳಗೆ ಅಡಗಿರುತ್ತದೆ. ಉಬ್ಬಿದ ಭಾಗವನ್ನು ಗೈರಸ್ ಎನ್ನುತ್ತಾರೆ, ಒಳಕ್ಕೆ ಹೋದ ಭಾಗವನ್ನು ಸಲ್ಕಸ್ ಎನ್ನುತ್ತಾರೆ.

ತಲೆಬುರುಡೆಯೊಳಗೆ ಜಾಗ ಸಾಲದೆ ಮಿದುಳು ಮುದುಡಿಕೊಂಡಿದೆ ಎಂಬ ವಿವರಣೆ ಇನ್ನೂ ಚಾಲ್ತಿಯಲ್ಲಿದೆ. ಅದು ತಪ್ಪು. 1950ರಲ್ಲೇ ಡೊನಾಲ್ಡ್ ಬ್ಯಾರನ್ ಕುರಿಯ ಭ್ರೂಣಗಳಲ್ಲಿ ಮಿದುಳಿನ ಭಾಗಗಳನ್ನು ತೆಗೆದು ನೋಡಿದ್ದರು. ಸುತ್ತ ಜಾಗ ಖಾಲಿಯಾದ ಮೇಲೂ ಉಳಿದ ಕಾರ್ಟೆಕ್ಸ್‌ನಲ್ಲಿ ಮಡಿಕೆ ಮೂಡಿತು. ಹಾಗಾಗಿ ಒತ್ತಡ ಹೊರಗಿನಿಂದ ಬರುತ್ತಿಲ್ಲ. ಮೇಲಿನ ಪದರ ಅಡಿಯ ಪದರಕ್ಕಿಂತ ಬೇಗ ಹರಡುತ್ತದೆ, ಆದರೆ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಹರಡಲಾಗದ ಮೇಲಿನ ಪದರ ತನ್ನೊಳಗೇ ಅಮುಕಿಸಿಕೊಳ್ಳುತ್ತದೆ. ಈ ಅಮುಕು ಒಂದು ಮಿತಿ ದಾಟಿದಾಗ ಮೇಲ್ಮೈ ಮಡಚಿಕೊಳ್ಳುತ್ತದೆ.

ಈ ಮಾರ್ಗದರ್ಶಿಯಲ್ಲಿ ಎರಡು ಮಾದರಿಗಳನ್ನು ಮಾಡುವ ಕ್ರಮವಿದೆ. ಮೊದಲನೆಯದರಲ್ಲಿ ಗಡಸು ಪದರವೊಂದು ಮೆತ್ತನೆಯ ಬುಡದ ಮೇಲೆ ಕೂರುತ್ತದೆ. ಎರಡನೆಯದರಲ್ಲಿ ಎರಡೂ ಒಂದೇ ಮೃದುತ್ವದವು. ಮಿದುಳನ್ನು ಹೋಲುವುದು ಎರಡನೆಯದೇ. ಆದರೂ ಮೊದಲನೆಯದನ್ನು ಬಿಡಬೇಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಮಿದುಳಿನ ಆಕಾರ ಏನು ಹೇಳುತ್ತಿದೆ ಎಂಬುದು ತಿಳಿಯುತ್ತದೆ.

ಹಿಗ್ಗಿಸಿ ಬಿಡುವ ವಿಧಾನವೇ ಯಾಕೆ

2016ರಲ್ಲಿ ಟೂಮಸ್ ಟಾಲಿನೆನ್, ಜುನ್ ಯಂಗ್ ಚುಂಗ್, ಎಲ್. ಮಹಾದೇವನ್ ಮತ್ತು ಸಂಗಡಿಗರು ಭ್ರೂಣದ ಎಂಆರ್‌ಐ ಚಿತ್ರದಿಂದ ನುಣುಪಾದ ಜೆಲ್ ಮಿದುಳೊಂದನ್ನು ಅಚ್ಚು ಹಾಕಿ, ಅದಕ್ಕೆ ತೆಳು ಹೊರಪದರ ಲೇಪಿಸಿ, ದ್ರಾವಕದಲ್ಲಿ ಮುಳುಗಿಸಿದರು. ದ್ರಾವಕ ಹೀರಿ ಹೊರಪದರ ಉಬ್ಬಿದಂತೆ ನಿಜವಾದ ಮಿದುಳಿನಂಥ ಮಡಿಕೆಗಳು ಕೆಲವೇ ನಿಮಿಷಗಳಲ್ಲಿ ಮೂಡಿದವು. ಅವರು ಬಳಸಿದ್ದು ಹೆಕ್ಸೇನ್. ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಅದರ ಆವಿಯನ್ನು ಹೆಚ್ಚು ಕಾಲ ಉಸಿರಾಡಿದರೆ ಕೈಕಾಲಿನ ನರಗಳು ಹಾಳಾಗುತ್ತವೆ. ಹೊಗೆ ಹೀರುವ ಕಪಾಟು ಇರುವ ಪ್ರಯೋಗಾಲಯದ ಹೊರಗೆ ಇದನ್ನು ಖಂಡಿತ ಮಾಡಬೇಡಿ.

ಅದೇ ಪರಿಣಾಮವನ್ನು ದ್ರಾವಕವಿಲ್ಲದೆ ಪಡೆಯುವ ದಾರಿ ಇದೆ. ಬುಡವನ್ನು ಎಳೆದು ಹಿಡಿದು, ಎಳೆದ ಸ್ಥಿತಿಯಲ್ಲಿಯೇ ಅದರ ಮೇಲೆ ಪದರ ಹೊಯ್ದು ಗಟ್ಟಿಯಾಗಲು ಬಿಟ್ಟು, ನಂತರ ಎಳೆತ ಸಡಿಲಿಸಬೇಕು. ಬುಡ ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ, ಮೇಲಿನ ಪದರಕ್ಕೆ ಜಾಗ ಸಾಲುವುದಿಲ್ಲ. ಮೇಲಿನದು ಬೆಳೆದರೂ ಒಂದೇ, ಅಡಿಯದು ಕುಗ್ಗಿದರೂ ಒಂದೇ. ಬಲಕ್ಕೆ ಗೊತ್ತಾಗುವುದು ಎರಡರ ನಡುವಿನ ವ್ಯತ್ಯಾಸ ಮಾತ್ರ.

ಬೇಕಾಗುವ ಸಾಮಗ್ರಿ

ಬುಡಕ್ಕೆ ಇಕೋಫ್ಲೆಕ್ಸ್ 00-30 ಸಿಲಿಕೋನ್, ಗಡಸು ಪದರಕ್ಕೆ ಡ್ರ್ಯಾಗನ್ ಸ್ಕಿನ್ 30. ಎರಡೂ ಪ್ಲಾಟಿನಂ ಬಳಸಿ ಗಟ್ಟಿಯಾಗುವ ಜಾತಿಯವು, ಎರಡರಲ್ಲೂ ಎ ಮತ್ತು ಬಿ ಭಾಗಗಳನ್ನು ಸಮತೂಕದಲ್ಲಿ ಬೆರೆಸಬೇಕು. ದುಪ್ಪಟ್ಟು ಉದ್ದಕ್ಕೆ ಎಳೆದಾಗ ಇಕೋಫ್ಲೆಕ್ಸ್‌ನಲ್ಲಿ ಹುಟ್ಟುವ ಒತ್ತಡ ಸುಮಾರು 69 ಕಿಲೋಪಾಸ್ಕಲ್, ಡ್ರ್ಯಾಗನ್ ಸ್ಕಿನ್ 30ರಲ್ಲಿ ಸುಮಾರು 593. ಅಂದರೆ ಗಡಸುತನದ ಅನುಪಾತ ಹತ್ತಿರಹತ್ತಿರ 8.6.

ಇವುಗಳ ಜೊತೆಗೆ 0.1 ಗ್ರಾಂ ನಿಖರತೆಯ ತಕ್ಕಡಿ, ಸಿಲಿಕೋನ್ ಬಣ್ಣ, ಐಸೋಪ್ರೊಪೈಲ್ ಆಲ್ಕೋಹಾಲ್, ವಿನೈಲ್ ಕೈಗವಸು, ಗಂಧಕವಿಲ್ಲದ ಮಾಡೆಲಿಂಗ್ ಕ್ಲೇ, ನೀರುಮಟ್ಟ, ಸ್ಕೇಲು, ಹೊಸ ಬ್ಲೇಡು ಬೇಕು. ಲ್ಯಾಟೆಕ್ಸ್ ಕೈಗವಸು ಮತ್ತು ಗಂಧಕವಿರುವ ಕ್ಲೇ ಎರಡನ್ನೂ ದೂರವಿಡಿ. ಗಂಧಕದ ಅಂಶ ತಾಗಿದ ಕಡೆ ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ, ಎಷ್ಟು ದಿನ ಕಾದರೂ ಅಂಟಂಟಾಗಿಯೇ ಉಳಿಯುತ್ತದೆ.

ಎಳೆಯುವ ಚೌಕಟ್ಟಿಗೆ 450 ಮಿ.ಮೀ. ಉದ್ದದ ದಪ್ಪ ಹಲಗೆ ಸಾಕು. ಒಂದು ತುದಿಯಲ್ಲಿ ಕದಲದ ಕ್ಲ್ಯಾಂಪ್ ಇರಲಿ. ಇನ್ನೊಂದು ಕ್ಲ್ಯಾಂಪ್ ಉದ್ದನೆಯ ಬೋಲ್ಟ್‌ಗಳ ಮೇಲೆ ಜರುಗುವಂತಿರಲಿ. ಹದಿನೈದು ಇಪ್ಪತ್ತು ಕಿಲೋ ಭಾರದಷ್ಟು ಎಳೆತ ತಡೆಯುವಷ್ಟು ಗಟ್ಟಿಯಾಗಿರಬೇಕು.

ಹಂತ 1: ಬುಡ ಹೊಯ್ಯುವುದು

ಅಚ್ಚಿನ ಒಳ ಅಳತೆ 150 × 60 × 25 ಮಿ.ಮೀ. ಇದರ ಗಾತ್ರ 225 ಘನ ಸೆಂ.ಮೀ., ಇಕೋಫ್ಲೆಕ್ಸ್‌ನ ಸಾಂದ್ರತೆ 1.07. ಹಾಗಾಗಿ ಒಂದು ಬುಡಕ್ಕೆ 241 ಗ್ರಾಂ ಬೇಕು. ಪಾತ್ರೆಗೆ ಅಂಟಿ ಹೋಗುವುದನ್ನೂ ಸೇರಿಸಿ 125 ಗ್ರಾಂ ಎ, 125 ಗ್ರಾಂ ಬಿ ತೂಗಿ. ಇಂಥ ಎರಡು ಬುಡ ಬೇಕು.

ಮೂರು ನಿಮಿಷ ನಿಧಾನವಾಗಿ ಕಲಕಿ, ಪಾತ್ರೆಯ ತಳ ಮತ್ತು ಅಂಚುಗಳನ್ನು ಕೆರೆದು ಸೇರಿಸಿ. ವ್ಯಾಕ್ಯೂಮ್ ಚೇಂಬರ್ ಇದ್ದರೆ ಗಾಳಿಗುಳ್ಳೆ ತೆಗೆಯಿರಿ. ಮಿಶ್ರಣ ಮೊದಲು ಉಕ್ಕಿ ಬರುವುದರಿಂದ ಪಾತ್ರೆ ಅದರ ಮೂರ್ನಾಲ್ಕು ಪಟ್ಟು ದೊಡ್ಡದಿರಲಿ. ಚೇಂಬರ್ ಇಲ್ಲದಿದ್ದರೆ ಎತ್ತರದಿಂದ ಸಣ್ಣ ಧಾರೆಯಾಗಿ ಅಚ್ಚಿನ ಒಂದು ಮೂಲೆಗೆ ಹೊಯ್ಯಿರಿ, ದೊಡ್ಡ ಗುಳ್ಳೆಗಳು ಧಾರೆಯಲ್ಲೇ ಒಡೆಯುತ್ತವೆ. ಬೆರೆಸಿದ ಮೇಲೆ 45 ನಿಮಿಷ ಇದು ಹರಿಯುವ ಸ್ಥಿತಿಯಲ್ಲಿರುತ್ತದೆ, 4 ಗಂಟೆಗೆ ಗಟ್ಟಿಯಾಗುತ್ತದೆ.

ಹೊಯ್ಯುವಾಗಲೇ ಎರಡೂ ತುದಿಯ 20 ಮಿ.ಮೀ. ಭಾಗದಲ್ಲಿ ಒರಟು ಹತ್ತಿ ಬಟ್ಟೆಯ ಎರಡು ಮೂರು ಮಡಿಕೆಗಳನ್ನು ಸಿಲಿಕೋನ್‌ನಲ್ಲಿ ನೆನೆಸಿ ಹೂತುಬಿಡಿ. ಇದನ್ನು ಮಾಡದಿದ್ದರೆ ಮಾದರಿ ಕೈಕೊಡುವುದು ಇಲ್ಲೇ. ರಬ್ಬರ್ ಎಳೆದಷ್ಟೂ ತೆಳ್ಳಗಾಗುತ್ತದೆ, ಕ್ಲ್ಯಾಂಪ್ ಎಷ್ಟೇ ಬಿಗಿದರೂ ಹಿಡಿತದಿಂದ ಮೆಲ್ಲಗೆ ಜಾರಿ ರಾತ್ರಿಯೆಲ್ಲಾ ಎಳೆತ ಕಡಿಮೆಯಾಗುತ್ತಾ ಹೋಗುತ್ತದೆ. ಬಟ್ಟೆ ಇದ್ದರೆ ತುದಿ ಹಿಗ್ಗುವುದಿಲ್ಲ, ಹಾಗಾಗಿ ಜಾರುವುದೂ ಇಲ್ಲ.

ಉಳಿದ ಮಿಶ್ರಣದಿಂದ 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪ, 100 ಮಿ.ಮೀ.ಗಿಂತ ತುಸು ಉದ್ದದ ಪಟ್ಟಿಯೊಂದನ್ನು ಹೊಯ್ದಿಡಿ. ಗಟ್ಟಿಯಾದ ಮೇಲೆ ಅದರ ಮೇಲೆ 100 ಮಿ.ಮೀ. ಗುರುತು ಹಾಕಿ, 20 ಗ್ರಾಂ ತೂಗುಹಾಕಿ. ಸುಮಾರು 9 ಮಿ.ಮೀ. ಉದ್ದವಾದರೆ ಗಡಸುತನ ಸರಿಯಾಗಿದೆ. ಡ್ರ್ಯಾಗನ್ ಸ್ಕಿನ್‌ನ ಅದೇ ಅಳತೆಯ ಪಟ್ಟಿಗೆ 200 ಗ್ರಾಂ ಹಾಕಿದರೆ 11 ಮಿ.ಮೀ. ಆಸುಪಾಸು ಬರಬೇಕು. ನಿಮ್ಮ ಅಳತೆ ಬೇರೆ ಬಂದರೆ ಮುಂದಿನ ಲೆಕ್ಕಗಳಿಗೆಲ್ಲ ನಿಮ್ಮದನ್ನೇ ಬಳಸಿ, ಡಬ್ಬಿಯ ಮೇಲಿನ ಅಂಕಿಯನ್ನಲ್ಲ.

ಹಂತ 2: ಗಡಸು ಪದರದ ಮಾದರಿ

ಕ್ಲ್ಯಾಂಪ್‌ಗಳ ನಡುವೆ ಉಳಿಯುವ ಉದ್ದ 110 ಮಿ.ಮೀ. ಅದನ್ನು 154 ಮಿ.ಮೀ.ಗೆ, ಅಂದರೆ 1.4 ಪಟ್ಟು, ಎಳೆದು ನಿಲ್ಲಿಸಿ. ಮೇಲ್ಮೈಯನ್ನು ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಬೆರಳಿನ ಜಿಡ್ಡಾಗಲಿ ಅಚ್ಚಿನಿಂದ ಬಿಡಿಸುವ ಎಣ್ಣೆಯಾಗಲಿ ಇದ್ದರೆ ಪದರ ಅಂಟುವುದಿಲ್ಲ. ಆಮೇಲೆ ಮೂಡುವ ಉಬ್ಬು ಮಡಿಕೆಯಲ್ಲ, ಪದರ ಕಿತ್ತು ಮೇಲೆದ್ದದ್ದು.

ನಡುವೆ 130 × 44 ಮಿ.ಮೀ. ಆಯತ ಬಿಟ್ಟು ಸುತ್ತ ಕ್ಲೇಯಿಂದ ಸಣ್ಣ ಕಟ್ಟೆ ಕಟ್ಟಿ. ನೀರುಮಟ್ಟ ಇಟ್ಟು ಎರಡೂ ದಿಕ್ಕಿನಲ್ಲಿ ಸಮತಲ ನೋಡಿ. ಪದರದ ದಪ್ಪವನ್ನು ತೂಕದಿಂದಲೇ ನಿರ್ಧರಿಸುವುದು ಒಳ್ಳೆಯದು. 57 ಚದರ ಸೆಂ.ಮೀ.ಗೆ 1 ಮಿ.ಮೀ. ದಪ್ಪ ಬೇಕಾದರೆ 5.7 ಘನ ಸೆಂ.ಮೀ., ಸಾಂದ್ರತೆ 1.08ರಿಂದ ಗುಣಿಸಿದರೆ 6.2 ಗ್ರಾಂ. ಹತ್ತು ಗ್ರಾಂ ಬೆರೆಸಿ ಶೇಕಡಾ 1ರಷ್ಟು ಬಣ್ಣ ಹಾಕಿ. ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಹೊಯ್ದ ಮೇಲೆ 6.2 ಕಡಿಮೆಯಾಗಿದೆಯೇ ನೋಡಿ. ಡ್ರ್ಯಾಗನ್ ಸ್ಕಿನ್ 30 ಗಟ್ಟಿಯಾಗಲು 16 ಗಂಟೆ ಬೇಕು. ಅವಸರ ಮಾಡಿ ಮೊದಲೇ ಬಿಟ್ಟರೆ ಅರೆಗಟ್ಟಿ ಪದರ ಹರಿದಾಡಿ ಸುಕ್ಕು ಅಳಿಸಿಹೋಗುತ್ತದೆ.

ಮರುದಿನ ಕಟ್ಟೆ ತೆಗೆದು, ಪದರದ ಮೇಲೆ ತೆಳ್ಳಗೆ ಟಾಲ್ಕಂ ಪುಡಿ ಸವರಿ. ಒಂದು ಪಕ್ಕದಿಂದ ಓರೆಯಾಗಿ ಬೆಳಕು ಬೀಳಲಿ. ಕ್ಲ್ಯಾಂಪ್ ಅನ್ನು 3 ಮಿ.ಮೀ.ನಂತೆ ಸಡಿಲಿಸುತ್ತಾ ಪ್ರತಿ ಸಲವೂ ಉದ್ದ ಬರೆದುಕೊಳ್ಳಿ.

ಇಲ್ಲಿ ಎರಡು ಲೆಕ್ಕ ಇಟ್ಟುಕೊಳ್ಳಿ. ಸುಕ್ಕಿನಿಂದ ಸುಕ್ಕಿಗೆ ಇರುವ ಅಂತರ ಸಿಗಬೇಕಾದರೆ ಗಡಸುತನದ ಅನುಪಾತವನ್ನು 3ರಿಂದ ಭಾಗಿಸಿ, ಅದರ ಘನಮೂಲ ತೆಗೆದು, 6.28ರಿಂದಲೂ ಪದರದ ದಪ್ಪದಿಂದಲೂ ಗುಣಿಸಿ. ನಮ್ಮ ಅಂಕಿಗಳಿಗೆ ಅದು ದಪ್ಪದ 8.9 ಪಟ್ಟು, ಅಂದರೆ 1 ಮಿ.ಮೀ. ಪದರಕ್ಕೆ ಸುಮಾರು 9 ಮಿ.ಮೀ. ಸುಕ್ಕು ಶುರುವಾಗುವ ಮಿತಿಗೆ 3ನ್ನು ಅನುಪಾತದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ ಘನಮೂಲ ತೆಗೆದು, 4ರಿಂದ ಭಾಗಿಸಿ. ಬರುವುದು ಸುಮಾರು ಶೇಕಡಾ 12. ಅಂದರೆ 154 ಮಿ.ಮೀ. ಇದ್ದದ್ದು 135ರ ಸುತ್ತಮುತ್ತ ಬಂದಾಗ ಓರೆ ಬೆಳಕಿನಲ್ಲಿ ಮೊದಲ ಗೆರೆಗಳು ಕಾಣಬೇಕು.

ಅಂತರವನ್ನು ಪೂರ್ತಿ ಸಡಿಲಿಸಿದ ಮೇಲೆ ಸ್ಕೇಲಿಟ್ಟು ಅಳೆದರೆ ಲೆಕ್ಕ ತಾಳೆಯಾಗುವುದಿಲ್ಲ, ಅಷ್ಟರಲ್ಲಿ ಸುಕ್ಕುಗಳು ಹತ್ತಿರ ಸರಿದಿರುತ್ತವೆ. ಉಬ್ಬುಗಳನ್ನು ಎಣಿಸಿ, ಪದರದ ಮೂಲ ಉದ್ದವಾದ 130 ಮಿ.ಮೀ.ಯನ್ನು ಆ ಸಂಖ್ಯೆಯಿಂದ ಭಾಗಿಸಿ. ಸುಮಾರು 14 ಉಬ್ಬು ಸಿಕ್ಕರೆ ಸರಿ. ದಪ್ಪವನ್ನು ಅರ್ಧ ಮಿ.ಮೀ. ಮಾಡಿ ಮತ್ತೊಮ್ಮೆ ಮಾಡಿದರೆ ಉಬ್ಬುಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 2 ಮಿ.ಮೀ.ಗೆ ಹೋಗಬೇಡಿ. ಆಗ ಅಂತರ 18 ಮಿ.ಮೀ. ಆಗಿ ಬುಡದ ದಪ್ಪಕ್ಕೆ ಹತ್ತಿರವಾಗುತ್ತದೆ, ಬುಡ ಆಳವಾಗಿದೆ ಎಂಬ ಊಹೆಯೇ ಕುಸಿಯುತ್ತದೆ.

1.4 ಪಟ್ಟಿಗಿಂತ ಬಹಳ ಹೆಚ್ಚು ಎಳೆದಿದ್ದರೆ ಕೆಲವು ಉಬ್ಬುಗಳು ಮಾತ್ರ ಎತ್ತರಕ್ಕೆ ಎದ್ದು ಪಕ್ಕದವು ಮಂಕಾಗುತ್ತವೆ. ಎಳೆದ ಬುಡದ ಮೇಲಿನ ಪದರಕ್ಕೆ ಇದು ಸಹಜ ಗುಣ. ಎಣಿಕೆಗೆ ಮಾತ್ರ ಅಂಥ ಮಾದರಿ ಬೇಡ.

ಹಂತ 3: ಸಮಮೃದು ಪದರದ ಮಾದರಿ

ಈಗ ಹಿಂದಿನ ಮಾದರಿಯನ್ನು ಉದ್ದಕ್ಕೆ, ಅಂದರೆ ಸುಕ್ಕುಗಳಿಗೆ ಅಡ್ಡಲಾಗಿ, ಕೊಯ್ದು ನೋಡಿ. ಹಂತ 2ರ ಸುಕ್ಕು ಅಲೆಯಂತಿದೆ, ಉಬ್ಬೂ ತಗ್ಗೂ ಒಂದೇ ಥರ ದುಂಡಗಿವೆ. ಮಿದುಳು ಹಾಗಿಲ್ಲ. ಅಲ್ಲಿ ಗೈರಸ್ ದುಂಡಗೆ, ಸಲ್ಕಸ್ ಚೂಪಾಗಿ ಒಳಕ್ಕೆ ಇಳಿದು ಅದರ ಎರಡೂ ಗೋಡೆಗಳು ಒಂದಕ್ಕೊಂದು ತಾಗುತ್ತವೆ. 1975ರಲ್ಲಿ ರಿಚ್‌ಮನ್ ಮತ್ತು ಸಂಗಡಿಗರು ಮಂಡಿಸಿದ ಮೊದಲ ಯಾಂತ್ರಿಕ ಮಾದರಿ ಈ ಗಡಸು ಪದರದ ಲೆಕ್ಕವನ್ನೇ ನೆಚ್ಚಿತ್ತು. ಅದು ಕೆಲಸ ಮಾಡಬೇಕಾದರೆ ಹೊರಪದರ ಒಳಗಿನದಕ್ಕಿಂತ ಸುಮಾರು ಹತ್ತು ಪಟ್ಟು ಗಡಸಾಗಿರಬೇಕಿತ್ತು. ಅಳೆದು ನೋಡಿದಾಗ ಹಾಗೆ ಸಿಗಲಿಲ್ಲ. ಹಸುವಿನ ಮಿದುಳಿನಲ್ಲಿ ಹೊರಪದರದ ಬೂದು ದ್ರವ್ಯ ಸುಮಾರು 1.4 ಕಿಲೋಪಾಸ್ಕಲ್, ಅದರ ಅಡಿಯ ಬಿಳಿ ದ್ರವ್ಯ ಸುಮಾರು 1.9 ಎಂಬ ಅಳತೆ 2015ರಲ್ಲಿ ಪ್ರಕಟವಾಯಿತು. ಅಂದರೆ ಮೇಲಿನ ಪದರವೇ ತುಸು ಮೆತ್ತಗೆ.

ಹಾಗಾಗಿ ಎರಡನೇ ಬುಡದ ಮೇಲೆ ಬಣ್ಣ ಹಾಕಿದ ಇಕೋಫ್ಲೆಕ್ಸ್ ಅನ್ನೇ ಹೊಯ್ಯುತ್ತೇವೆ. ಗಡಸುತನ ಸಮವಾದಾಗ ಹಿಂದಿನ ಸೂತ್ರ ಶೇಕಡಾ 52 ಕುಗ್ಗಬೇಕು ಎನ್ನುತ್ತದೆ. ಅಷ್ಟು ಕುಗ್ಗುವ ಮೊದಲೇ ಮೇಲ್ಮೈ ಬೇರೊಂದು ದಾರಿ ಹಿಡಿಯುತ್ತದೆ, ನುಣುಪಾದ ಅಲೆ ಬರದೆ ನೇರವಾಗಿ ಚೂಪು ಸೀಳು ಬೀಳುತ್ತದೆ. ಇದರ ಮಿತಿ ಅಮುಕುವ ದಿಕ್ಕುಗಳನ್ನು ಅವಲಂಬಿಸಿದೆ. ಅಗಲ ಬದಲಾಗದಂತೆ ಹಿಡಿದು ಉದ್ದಕ್ಕೆ ಅಮುಕಿದರೆ ಶೇಕಡಾ 35. ಅಗಲವನ್ನು ಹರಡಲು ಬಿಟ್ಟರೆ ಸುಮಾರು 44. ಎರಡೂ ದಿಕ್ಕಿನಲ್ಲಿ ಸಮವಾಗಿ ಅಮುಕಿದರೆ ಸುಮಾರು 25 ಸಾಕು. ಕಾರ್ಟೆಕ್ಸ್ ಎಲ್ಲ ದಿಕ್ಕಿಗೂ ಹರಡುವುದರಿಂದ ಅದು ಮೂರನೆಯದಕ್ಕೆ ಹತ್ತಿರ, ನಮ್ಮ ಚೌಕಟ್ಟು ಎರಡನೆಯದು. ಆದ್ದರಿಂದ ಹೆಚ್ಚು ಎಳೆಯಬೇಕಾಗುತ್ತದೆ.

110 ಮಿ.ಮೀ.ಯನ್ನು 264ಕ್ಕೆ, ಅಂದರೆ 2.4 ಪಟ್ಟು, ಎಳೆಯಿರಿ. ಇಕೋಫ್ಲೆಕ್ಸ್ ಇದಕ್ಕಿಂತ ಬಹಳ ಹೆಚ್ಚು ಹಿಗ್ಗಬಲ್ಲದು, ಆದರೆ ಅಂಚಿನಲ್ಲಿ ಗುಳ್ಳೆಯೋ ಕಚ್ಚೋ ಇದ್ದರೆ ಅಲ್ಲಿಂದ ಹರಿಯುತ್ತದೆ. ಕಣ್ಣಿಗೆ ರಕ್ಷಣೆ ಇರಲಿ. ಅಗಲ 39 ಮಿ.ಮೀ.ಗೆ ಇಳಿದಿರುತ್ತದೆ. ನಡುವೆ 220 × 32 ಮಿ.ಮೀ. ಆಯತಕ್ಕೆ ಕಟ್ಟೆ ಕಟ್ಟಿ, 1.5 ಮಿ.ಮೀ. ದಪ್ಪಕ್ಕೆ 11.3 ಗ್ರಾಂ ಹೊಯ್ದು ರಾತ್ರಿಯಿಡೀ ಬಿಡಿ.

ಸಡಿಲಿಸುವಾಗ ಬಹಳ ಹೊತ್ತು ಏನೂ ಆಗುವುದಿಲ್ಲ. 200 ಬರುತ್ತದೆ, 170 ಬರುತ್ತದೆ, ಮೇಲ್ಮೈ ನುಣುಪಾಗಿಯೇ ಇರುತ್ತದೆ. 147 ಮಿ.ಮೀ. ಸಮೀಪಿಸುವಾಗ ಒಂದೊಂದೇ ಮಿ.ಮೀ. ಬಿಡಿ. ಎಲ್ಲೋ ಒಂದು ಕಡೆ, ಸಾಮಾನ್ಯವಾಗಿ ಅಂಚಿನಲ್ಲಿ ಅಥವಾ ಸಣ್ಣ ಗುಳ್ಳೆಯಿದ್ದಲ್ಲಿ, ಕೂದಲೆಳೆಯಷ್ಟು ಕಪ್ಪು ಗೆರೆ ಬೀಳುತ್ತದೆ. ಅದು ಅಗಲಕ್ಕೂ ಹಬ್ಬಿ ಆಳಕ್ಕಿಳಿಯುತ್ತದೆ, ಅದರ ಎರಡೂ ಬದಿಯ ಮೇಲ್ಮೈ ದುಂಡಗಾಗಿ ಮೇಲೆದ್ದು ಗೋಡೆಗಳು ಕೂಡಿಕೊಳ್ಳುತ್ತವೆ. ಅಲ್ಲಿ ನಿಲ್ಲಿಸಿ ಚಿತ್ರ ತೆಗೆಯಿರಿ. ಮತ್ತೆ ಎಳೆದರೆ ಗೆರೆ ಮಾಯವಾಗುತ್ತದೆ, ಮತ್ತೆ ಬಿಟ್ಟರೆ ಅದೇ ಜಾಗದಲ್ಲಿ ಬೀಳುತ್ತದೆ.

115 ಮಿ.ಮೀ. ಬಂದರೂ ಸೀಳು ಬೀಳದಿದ್ದರೆ ಬುಡ ಬಿಲ್ಲಿನಂತೆ ಬಾಗಿದೆಯೇ ನೋಡಿ. ಅಮುಕಿದ ಪದರ ಒಂದೇ ಕಡೆ ಇರುವುದರಿಂದ ಇಡೀ ತುಂಡು ಮೇಲಕ್ಕೆ ಬಾಗುತ್ತದೆ, ಬಾಗಿದಷ್ಟೂ ಪದರದ ಅಮುಕು ಕಳೆದುಹೋಗುತ್ತದೆ. ಕ್ಲ್ಯಾಂಪ್‌ಗಳನ್ನು ಬಿಚ್ಚಬೇಡಿ, ಅವುಗಳನ್ನು ಹಲಗೆಗೆ ಸಮತಲವಾಗಿ ತಿರುಪು ಹಾಕಿ ಹಿಡಿದಿಡಿ. ಪದರವನ್ನು 3 ಮಿ.ಮೀ. ದಪ್ಪ ಮಾಡಿದಾಗ ಈ ತೊಂದರೆ ಇನ್ನೂ ಹೆಚ್ಚುತ್ತದೆ.

ಹಂತ 4: ಕೊಯ್ದು ಅಳೆಯುವುದು

ಸಡಿಲಿಸಿದ ಸ್ಥಿತಿಯಲ್ಲಿ ಉದ್ದಕ್ಕೂ ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕೊಯ್ಯಿರಿ. ಕೊಯ್ದ ಮುಖದಲ್ಲಿ ಬಣ್ಣದ ಪದರ ಸ್ಪಷ್ಟವಾಗಿ ಕಾಣುತ್ತದೆ. ಸೀಳಿನ ತಳದಲ್ಲಿ ಅದು ತೆಳ್ಳಗೂ ಉಬ್ಬಿನ ತುದಿಯಲ್ಲಿ ದಪ್ಪಗೂ ಇದೆಯೇ ನೋಡಿ. ಮನುಷ್ಯರ ಕಾರ್ಟೆಕ್ಸ್ ಸರಾಸರಿ 2.5 ಮಿ.ಮೀ. ದಪ್ಪ, ಅಲ್ಲಿಯೂ ಗೈರಸ್‌ನ ನೆತ್ತಿ ದಪ್ಪ, ಸಲ್ಕಸ್‌ನ ತಳ ತೆಳು. ಈ ವ್ಯತ್ಯಾಸಕ್ಕೆ ಜೀವಕೋಶಗಳ ಬೇರೆ ನಿರ್ದೇಶನವೇ ಬೇಕಿಲ್ಲ, ಬಲವೊಂದೇ ಇದನ್ನು ಹುಟ್ಟಿಸಬಲ್ಲದು ಎಂಬುದು ನಿಮ್ಮ ಕೈಯಲ್ಲಿರುವ ರಬ್ಬರಿನಿಂದಲೇ ಸಾಬೀತಾಗುತ್ತದೆ.

ಕೊಯ್ದ ಮುಖದ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ. ಮಡಿಕೆಗಳ ಒಳಹೊರಗೆಲ್ಲ ಪದರದ ಮೇಲಂಚಿಗೆ ದಾರ ಕೂರಿಸಿ ಉದ್ದ ಅಳೆಯಿರಿ. ಉಬ್ಬುಗಳ ನೆತ್ತಿಯಿಂದ ನೆತ್ತಿಗೆ ಬಿಗಿಯಾಗಿ ಹಿಡಿದ ದಾರದ ಉದ್ದದಿಂದ ಅದನ್ನು ಭಾಗಿಸಿ. ಇದೇ ಗೈರಿಫಿಕೇಶನ್ ಸೂಚ್ಯಂಕ. ಬೆಳೆದ ಮನುಷ್ಯರಲ್ಲಿ ಸುಮಾರು 2.5, ಇಲಿಯಲ್ಲಿ ಹತ್ತಿರಹತ್ತಿರ 1. ನಿಮ್ಮ ಮಾದರಿಯಲ್ಲಿ 2ಕ್ಕಿಂತ ಸಾಕಷ್ಟು ಕೆಳಗೇ ಬರುತ್ತದೆ, ಒಂದೇ ದಿಕ್ಕಿನ ಸೀಮಿತ ಕುಗ್ಗುವಿಕೆಯಿಂದ ಅಷ್ಟೇ ಸಾಧ್ಯ.

ದಪ್ಪ ಬದಲಿಸಿ ಮಾಡಿದ ಮಾದರಿಗಳನ್ನು ಸಾಲಾಗಿ ಇಟ್ಟರೆ ಎರಡು ಕಾಯಿಲೆಗಳ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಲಿಸೆನ್‌ಸೆಫಲಿಯಲ್ಲಿ ನರಕೋಶಗಳ ವಲಸೆ ಅರ್ಧಕ್ಕೆ ನಿಂತು ಕಾರ್ಟೆಕ್ಸ್ ಅಸಹಜವಾಗಿ ದಪ್ಪಗಾಗುತ್ತದೆ. ಮಡಿಕೆಗಳು ಅಗಲವಾಗಿ ಕೆಲವೇ ಇರುತ್ತವೆ, ಇಲ್ಲವೇ ಇರುವುದೇ ಇಲ್ಲ. ಪಾಲಿಮೈಕ್ರೊಗೈರಿಯಾದಲ್ಲಿ ಸಣ್ಣ ಸಣ್ಣ ಮಡಿಕೆಗಳು ಒತ್ತೊತ್ತಾಗಿ ತುಂಬಿರುತ್ತವೆ. ಲಿಸೆನ್‌ಸೆಫಲಿಗೆ ಸಂಬಂಧಿಸಿದ ಎಲ್‌ಐಎಸ್1ನಂಥ ಜೀನ್‌ಗಳು ಮಡಿಕೆಯನ್ನು ಗೆರೆ ಗೆರೆಯಾಗಿ ಬರೆಯುವುದಿಲ್ಲ. ಅವು ಪದರದ ದಪ್ಪವನ್ನೂ ಬೆಳವಣಿಗೆಯ ವೇಗವನ್ನೂ ಬದಲಿಸುತ್ತವೆ, ಉಳಿದದ್ದನ್ನು ಬಲ ನೋಡಿಕೊಳ್ಳುತ್ತದೆ. ಹಾಗೆಂದು ಈ ಮಾದರಿಯಿಂದ ಕಾಯಿಲೆಯ ಕಾರಣ ವಿವರಿಸಲು ಹೋಗಬಾರದು. ದಪ್ಪ ಮತ್ತು ಅಂತರದ ಸಂಬಂಧವಷ್ಟೇ ಇದರಲ್ಲಿ ಸಿಗುವುದು.

ಹಂತ 5: ಎಳೆತ ಎಲ್ಲಿದೆ ಎಂದು ಪತ್ತೆ ಮಾಡುವುದು

1997ರಲ್ಲಿ ಡೇವಿಡ್ ವ್ಯಾನ್ ಎಸೆನ್ ಬೇರೊಂದು ವಿವರಣೆ ಕೊಟ್ಟರು. ನರತಂತುಗಳಾದ ಆಕ್ಸಾನ್‌ಗಳು ಬಿಗಿದ ದಾರಗಳಂತೆ ಗೈರಸ್‌ನ ಎರಡು ಗೋಡೆಗಳನ್ನು ಹತ್ತಿರ ಎಳೆದು ಮಡಿಕೆ ಮಾಡುತ್ತವೆ ಎಂದು. ಇದನ್ನು ಪರೀಕ್ಷಿಸುವ ಉಪಾಯ ಬಹಳ ಸರಳ: ಕೊಯ್ಯುವುದು. ಎಳೆತದಲ್ಲಿರುವ ವಸ್ತುವಿನಲ್ಲಿ ಕಚ್ಚು ಹಾಕಿದರೆ ಬಾಯಿ ತೆರೆಯುತ್ತದೆ, ಅಮುಕಿನಲ್ಲಿದ್ದರೆ ಮುಚ್ಚಿಯೇ ಇರುತ್ತದೆ.

ನಿಮ್ಮ ಮಾದರಿಯಲ್ಲಿ ಒಂದು ಉಬ್ಬಿನ ನೆತ್ತಿಗೆ, ಸೀಳುಗಳಿಗೆ ಸಮಾನಾಂತರವಾಗಿ, 1 ಮಿ.ಮೀ. ಆಳದ ಕಚ್ಚು ಹಾಕಿ. ಇನ್ನೊಂದನ್ನು ಬಣ್ಣದ ಪದರದ ಕೆಳಗೆ, ಬುಡದ ಪಕ್ಕದ ಮುಖದಲ್ಲಿ ಲಂಬವಾಗಿ ಹಾಕಿ. ಬುಡದ ಕಚ್ಚು ತುಸು ತೆರೆದುಕೊಳ್ಳುವುದು ಕಾಣುತ್ತದೆ, ಮೇಲಿನ ಪದರ ಅದನ್ನು ಹಿಗ್ಗಿಸಿ ಹಿಡಿದಿದೆ. ನೆತ್ತಿಯ ಕಚ್ಚು ಮಾತ್ರ ಮೋಸ ಮಾಡಬಹುದು. ಉಬ್ಬು ಎದ್ದ ಮೇಲೆ ನೆತ್ತಿಯ ಅಮುಕು ಬಹಳಷ್ಟು ಕರಗಿರುತ್ತದೆ, ಹಾಗಾಗಿ ಕಚ್ಚು ಸ್ವಲ್ಪ ಬಾಯಿ ಬಿಟ್ಟರೂ ಆಶ್ಚರ್ಯವಿಲ್ಲ. ಸೀಳು ಬೀಳುವ ಮೊದಲೇ, 160 ಮಿ.ಮೀ. ಹಂತದಲ್ಲಿ ಕಚ್ಚು ಹಾಕಿದ ಮತ್ತೊಂದು ಮಾದರಿ ಮಾಡಿದರೆ ಅದು ಬಿಗಿಯಾಗಿ ಮುಚ್ಚಿರುವುದು ಕಾಣುತ್ತದೆ.

2010ರಲ್ಲಿ ಲ್ಯಾರಿ ಟೇಬರ್ ಮತ್ತು ಫಿಲಿಪ್ ಬೇಯ್ಲಿ ಅವರ ತಂಡ ಫೆರೆಟ್ ಎಂಬ ಸಣ್ಣ ಸಸ್ತನಿಯ ಮರಿಗಳ ಮಿದುಳಿನಲ್ಲಿ ಇದೇ ಕಚ್ಚಿನ ಪರೀಕ್ಷೆ ಮಾಡಿತು. ಫೆರೆಟ್ ಹುಟ್ಟುವಾಗ ಮಿದುಳು ನುಣುಪಾಗಿದ್ದು ಮಡಿಕೆಗಳು ಆಮೇಲೆ ಮೂಡುವುದರಿಂದ ಅದು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಪ್ರಾಣಿ. ಆಕ್ಸಾನ್‌ಗಳಲ್ಲಿ ಎಳೆತ ನಿಜಕ್ಕೂ ಇತ್ತು. ಆದರೆ ಗೈರಸ್‌ನ ಅಡ್ಡಕ್ಕೆ, ಗೋಡೆಯಿಂದ ಗೋಡೆಗೆ ಇರಲಿಲ್ಲ. ಆಳದ ಬಿಳಿ ದ್ರವ್ಯದಲ್ಲಿ ಅದು ಮೇಲ್ಮೈಗೆ ಸಮಾನಾಂತರವಾಗಿತ್ತು, ಗೈರಸ್‌ನ ಒಳಗೆ ಮೇಲುಕೆಳಗಿನ ದಿಕ್ಕಿನಲ್ಲಿತ್ತು.

ಮುಂದಕ್ಕೆ ಹೋಗುವವರಿಗೆ

ಎರಡು ದಿಕ್ಕಿನ ಅಮುಕು ಬೇಕಾದರೆ 150 × 150 ಮಿ.ಮೀ. ಚೌಕ ಬುಡಕ್ಕೆ ನಾಲ್ಕು ಕಡೆ ಕ್ಲ್ಯಾಂಪ್ ಹಾಕಿ ಎರಡೂ ದಿಕ್ಕಿಗೆ 1.6 ಪಟ್ಟು ಎಳೆಯಿರಿ. ಮೂಲೆಗಳಲ್ಲಿ ಎಳೆತ ಸಮವಿರುವುದಿಲ್ಲ, ನಡುವಿನ ಮೂರನೇ ಒಂದು ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಡಸು ಪದರ ಹೊಯ್ದು ಮೊದಲು ಒಂದು ದಿಕ್ಕನ್ನು, ಆಮೇಲೆ ಇನ್ನೊಂದನ್ನು ಸಡಿಲಿಸಿದರೆ ಸಾಲುಸಾಲಾದ ಅಂಕುಡೊಂಕು ಗೆರೆಗಳು ಬರುತ್ತವೆ. ಎರಡನ್ನೂ ಒಟ್ಟಿಗೆ ಸಡಿಲಿಸಿದರೆ ದಿಕ್ಕಿಲ್ಲದ ಚಕ್ರವ್ಯೂಹ. ಪದರ, ದಪ್ಪ, ಗಡಸುತನ ಎಲ್ಲ ಒಂದೇ ಇದ್ದರೂ ಯಾವ ದಿಕ್ಕಿನ ಅಮುಕು ಮೊದಲು ಬಂತು ಎಂಬುದರ ಮೇಲೆ ಚಿತ್ರ ಬದಲಾಗುತ್ತದೆ. ಎಲ್ಲ ಮನುಷ್ಯರಲ್ಲೂ ಸೆಂಟ್ರಲ್ ಸಲ್ಕಸ್‌ನಂಥ ಮೊದಲ ದೊಡ್ಡ ಮಡಿಕೆಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಂದು, ಕೊನೆಯ ವಾರಗಳ ಸಣ್ಣ ಮಡಿಕೆಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುವುದನ್ನು ಅರ್ಥಮಾಡಿಕೊಳ್ಳಲು ಈ ಚೌಕ ಮಾದರಿ ಒಳ್ಳೆಯ ಆರಂಭ. ಬುಡವನ್ನು ಚಪ್ಪಟೆಯ ಬದಲು ಮೊಟ್ಟೆಯಾಕಾರಕ್ಕೆ ಹೊಯ್ಯುವುದು ಅದರ ನಂತರದ ಕೆಲಸ. ಟಾಲಿನೆನ್ ತಂಡದ ಜೆಲ್ ಮಿದುಳಿನಲ್ಲಿ ಮುಖ್ಯ ಮಡಿಕೆಗಳ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಆರಂಭದ ಆ ಬಾಗೇ.